ಬ್ಯಾಡ್ರಿ ಮೇಷ್ಟ್ರು ಚೀನಾಕ್ಕೆ ಹೋದದ್ದು

ಚೀನಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಹೊಳಲ್ಕೆರೆಯಲ್ಲಿ ಎಲ್ಲರೂ ಕೇಳುವುದು ಒಂದೇ: "ಏನ್ ತಿಂದ್ರಿ ಮೇಷ್ಟ್ರೇ? ಹಾವಾ, ಕಪ್ಪೇನಾ?" ಎರಡೂ ಅಲ್ಲ. ನಾನು ಅಲ್ಲಿ ತಿಂದದ್ದನ್ನು ಆ ದೇಶದವರೂ ತಿನ್ನುವುದಿಲ್ಲ. ಅದು ಅದರ ಜಾಗದಲ್ಲಿ ಬರುತ್ತದೆ, ಸ್ವಲ್ಪ ತಡೆಯಿರಿ.

ಓಬಕ್ಕನ ಅಂಗಳ

ನಾನು ಹುಟ್ಟಾ ಹೆದರುಪುಕ್ಕಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು, ಶಾಲೆಗೆ ಅನುದಾನ ಬರುವುದೇ ಇಲ್ಲ ಎಂದು ಹೆದರಿ, ತೊಂಬತ್ತರ ದಶಕದಲ್ಲಿ ಊರ ಪಕ್ಕದ ಕಬ್ಬಿಣದ ಅದಿರಿನ ಗಣಿಯ ಲ್ಯಾಬು ಸೇರಿದೆ. ನಾನು ಬಿಟ್ಟ ಮರುವರ್ಷವೇ ಅನುದಾನ ಬಂತು. ಗಣಿಯಲ್ಲಿ ನನ್ನ ಕೆಲಸ, ಲಾರಿಯಲ್ಲಿ ಬಂದ ಕೆಂಪು ಮಣ್ಣನ್ನು ಪುಡಿ ಮಾಡಿ, ಕಾಯಿಸಿ, ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ, ನೀರು ಎಷ್ಟಿದೆ ಎಂದು ಬರೆದು ಸಹಿ ಹಾಕುವುದು. ಆ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು.

ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಬರುವ ಮಾತು "ಬ್ಯಾಡ್ರಿ." ಹಾಗಾಗಿ ಊರಿನಲ್ಲಿ ನನ್ನ ಹೆಸರು ಬ್ಯಾಡ್ರಿ ಮೇಷ್ಟ್ರು. ರುದ್ರಪ್ಪ ಎಂಬ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿದೆ. ನನ್ನ ಅಕ್ಕ ಓಬಕ್ಕನಂತೂ ನನ್ನ ಈ ಗುಣವನ್ನು ಪಂಚಾಂಗದ ಹಾಗೆ ಬಳಸಿಕೊಂಡು ಬದುಕಿದವಳು. ಬೋರು ಕೊರೆಸಬೇಡ ಎಂದೆ. ಕೊರೆಸಿದಳು, ನೀರು ಬಂತು. ಆ ಎಮ್ಮೆ ಬೇಡ, ಕೋಡು ಸರಿಯಿಲ್ಲ ಎಂದೆ. ತಂದಳು, ಕೋಡು ಹೇಗೇ ಇರಲಿ ಊರಿಗೆಲ್ಲ ಮೊಸರು ಕೊಟ್ಟಿತು. ಮಗಳನ್ನು ಆ ಹುಡುಗನಿಗೆ ಕೊಡಬೇಡ ಎಂದೆ. ಕೊಟ್ಟಳು, ಮಲ್ಲೇಶಿ ಚಿನ್ನದಂಥ ಅಳಿಯನಾದ. ಕೊನೆಗೆ ಅವಳು ಒಂದು ಕಾಯಿದೆಯನ್ನೇ ಮಾಡಿಕೊಂಡಳು: "ನನ್ ತಮ್ಮ ಬ್ಯಾಡ ಅಂದ ಅಂದ್ರೆ ಕಣ್ ಮುಚ್ಕಂಡು ಮಾಡಬೇಕು."

ಅವಳಿಗೆ ಮೂರು ಎಕರೆ ಹೊಲ. ಗಣಿಯ ಗೇಟಿಗೂ ಡಾಂಬರು ರಸ್ತೆಗೂ ಸರಿಯಾಗಿ ನಡುವೆ. ಪ್ರತಿ ಮುಂಗಾರಿಗೂ ಅದರಲ್ಲಿ ಶೇಂಗಾ ಬಿತ್ತುತ್ತಿದ್ದಳು.

ಒಲಿಂಪಿಕ್ಸ್ ಮುಗಿದ ಮರುವರ್ಷ ಚೀನಾದ ಕಾರ್ಖಾನೆಯಿಂದ ನಮ್ಮ ಧಣಿಗಳಿಗೆ ಒಂದು ಪತ್ರ ಬಂತು. "ನಮ್ಮ ಕಾರ್ಖಾನೆ ಹೊಸ ರೂಪ ತಾಳುತ್ತಿದೆ. ದಯವಿಟ್ಟು ಒಮ್ಮೆ ಬಂದು ನೋಡಿ, ಮುಂದಿನ ಮಾತು ಆಡೋಣ." ಧಣಿಗಳು ಅದನ್ನು ಎರಡು ಸಲ ಓದಿಸಿ ಕೇಳಿ, ಮೇಜು ಗುದ್ದಿದರು. "ದೊಡ್ಡದು ಮಾಡ್ತಾ ಅವ್ರೆ ಅಂತ ಅರ್ಥ ಕಣ್ರಿ! ಇನ್ನು ಈ ಜಾಗ ಸಾಲಲ್ಲ." ಅದಿರು ರಾಶಿ ಹಾಕಲು ಸ್ಟಾಕ್‌ಯಾರ್ಡು ಬೇಕಾಯಿತು. ಕಣ್ಣು ಓಬಕ್ಕನ ಹೊಲದ ಮೇಲೆ ಬಿತ್ತು. ಹೊಲ ಕೊಟ್ಟರೆ ಮಲ್ಲೇಶಿಗೆ ಗಣಿಯಲ್ಲಿ ಪರ್ಮನೆಂಟ್ ಕೆಲಸ. ಎರಡು ತಿಂಗಳು ಬಿಟ್ಟು ಒಂದು ಸೋಮವಾರ ದಿನ ಚೆನ್ನಾಗಿದೆ, ಅವತ್ತೇ ಪತ್ರಕ್ಕೆ ಹೆಬ್ಬೆಟ್ಟು.

ಕಾರ್ಖಾನೆ ನೋಡಿಕೊಂಡು ಬರಲು ಧಣಿಗಳು ಲೋಡಿಂಗ್ ಮ್ಯಾನೇಜರ್ ತಿಪ್ಪೇಸ್ವಾಮಿಯನ್ನೂ ನನ್ನನ್ನೂ ಆರಿಸಿದರು. ತಿಪ್ಪೇಸ್ವಾಮಿ ಹಿರಿಯೂರಿನವನು, ಯಾವುದಕ್ಕೂ ಹೆದರದವನು. ನಾನು ಎಂದಿನಂತೆ "ಬ್ಯಾಡ್ರಿ" ಎಂದೆ. ಧಣಿಗಳು ನಕ್ಕು ಪಾಸ್‌ಪೋರ್ಟು ಮಾಡಿಸಿದರು.

ಹೊರಡುವ ಹಿಂದಿನ ದಿನ ಓಬಕ್ಕ ಅಂಗಳದಲ್ಲಿ ಕೂತು ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು.

"ಲೇ ರುದ್ರ, ಒಂದ್ ಸಲ ಆ ಮಣ್ಣು ಬಿದ್ರೆ ಅದು ಮತ್ತೆ ಹೊಲ ಆಗಲ್ಲ. ಅಷ್ಟು ನಂಗೊತ್ತು. ಅಳಿಯನ ಅನ್ನಾನೂ ನೋಡ್ಬೇಕಲ್ಲ. ನೀನು ಹೋಗಿ ಕಣ್ಣಾರೆ ನೋಡು. ಈ ಮಣ್ಣು ತಿನ್ನೋ ಜನ ಅಲ್ಲಿ ಇನ್ನೂ ಅವ್ರಾ ಇಲ್ಲಾ ಅಂತ. ಸೋಮವಾರದೊಳಗೆ ಫೋನ್ ಮಾಡು."

"ನನ್ ಮಾತು ಯಾವತ್ ಕೇಳಿದೀಯಕ್ಕಾ ನೀನು?"

"ಯಾವಾಗ್ಲೂ ಕೇಳ್ತೀನಿ. ಕೇಳಿ ತಿರುಗಾಮುರುಗಾ ಮಾಡ್ತೀನಿ," ಎಂದು ಒನಕೆ ಎತ್ತಿದಳು.

ನನ್ನ ಹೆಂಡತಿ ಮೂರು ಪೊಟ್ಟಣ ಕಟ್ಟಿಕೊಟ್ಟಳು. ಒಂದು ಓಬಕ್ಕನ ಚಟ್ನಿಪುಡಿ. ಒಂದು ದೇವರ ಕುಂಕುಮ. ಇನ್ನೊಂದು ನಾನೇ ಲ್ಯಾಬಿನಿಂದ ತಂದ ಅದಿರಿನ ಪುಡಿ, ಕಾರ್ಖಾನೆಯವರಿಗೆ ತೋರಿಸಲು. ಮೂರೂ ಒಂದೇ ತರದ ಪ್ಲಾಸ್ಟಿಕ್ ಕವರು, ಮೇಲೆ ಒಂದೇ ಬಿಳಿ ದಾರ, ಒಂದೇ ಗಂಟು. ಹೆಸರು ಬರೆಯೋಣ ಎಂದರೆ, "ಮೇಷ್ಟ್ರಾಗಿ ಇಷ್ಟೂ ಗೊತ್ತಾಗಲ್ವಾ?" ಎಂದಳು. ಆ ಮಾತು ತಾಗಿ ಪೆನ್ನು ಜೇಬಿಗಿಟ್ಟೆ.

ಬೀಜಿಂಗ್ ವಿಮಾನ ನಿಲ್ದಾಣ

ಎರಡು ವಿಮಾನ ಬದಲಿಸಿ ಇಳಿದಾಗ ನನಗೆ ಗೊತ್ತಿದ್ದದ್ದು ಎರಡೇ: ಪಾಸ್‌ಪೋರ್ಟು ಬನಿಯನ್ನಿನ ಒಳಜೇಬಿನಲ್ಲಿದೆ, ಆ ಜೇಬನ್ನು ಹೆಂಡತಿ ಹೊಲಿದು ಮುಚ್ಚಿದ್ದಾಳೆ. ಅಧಿಕಾರಿಯ ಮುಂದೆ ಅಂಗಿ ಬಿಚ್ಚಿ, ಹಲ್ಲಿನಲ್ಲಿ ಹೊಲಿಗೆ ಕಚ್ಚಿ ಬಿಡಿಸಿದೆ. ಹಿಂದಿನ ಸಾಲಿನವರು ಗೌರವದಿಂದ ಬೇರೆ ಕಡೆ ನೋಡಿದರು. ನಮ್ಮ ದುರ್ಗದ ಬಸ್ ಸ್ಟ್ಯಾಂಡ್ ಆಗಿದ್ದರೆ ಸುತ್ತ ಜನ ಕೂಡಿ ಸಲಹೆ ಕೊಡುತ್ತಿದ್ದರು.

ಮುಂದೆ ಸಾಮಾನು ತಪಾಸಣೆ. ಪೆಟ್ಟಿಗೆಯಲ್ಲಿ ಮೂರು ಕೆಂಪು ಪೊಟ್ಟಣ ಕಂಡು ಹೆಣ್ಣು ಅಧಿಕಾರಿ ಕೈಗವಸು ಹಾಕಿಕೊಂಡಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತಿಪ್ಪೇಸ್ವಾಮಿ ಮುಂದೆ ಬಂದು, "ಹೆದರ್ಬ್ಯಾಡ್ರಿ, ನಾ ತಿಳಿಸ್ತೀನಿ," ಎಂದ. ಒಂದು ಪೊಟ್ಟಣ ಬಿಚ್ಚಿ, ಚಿಟಿಕೆ ತೆಗೆದು ತನ್ನ ಹಣೆಗೆ ಇಟ್ಟುಕೊಂಡು ಕೈಮುಗಿದ. ಆಕೆ ನಕ್ಕಳು. ಇನ್ನೊಂದಕ್ಕೆ ಊಟ ಮಾಡುವ ಹಾಗೆ ಬಾಯಿಗೆ ಕೈ ತೋರಿಸಿದ. ಮೂರನೆಯದಕ್ಕೆ ನೆಲ ತೋರಿಸಿ ಕುಲುಮೆಯ ಉರಿಯನ್ನು ಕೈಯಲ್ಲೇ ಕುಣಿಸಿದ.

ಮಣ್ಣು ಒಳಗೆ ಬಿಡುವುದಿಲ್ಲವಂತೆ. ಅದು ಕಾಯಿದೆ. ಆಕೆ ಒಂದು ಪೊಟ್ಟಣ ಎತ್ತಿ ಹಳದಿ ಡಬ್ಬಕ್ಕೆ ಹಾಕಿದಳು, ಎರಡನ್ನು ವಾಪಸ್ಸು ಕೊಟ್ಟಳು. ಹದಿನೈದು ವರ್ಷದಿಂದ ಹಡಗುಗಟ್ಟಲೆ ಕಳಿಸಿದ ಮಣ್ಣು ಒಂದು ಹಿಡಿ ಜಾಸ್ತಿಯಾಯಿತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಯಾವತ್ತು ಏನು ಕೇಳಿದ್ದೇನೆ?

ರೈಲಿನಲ್ಲಿ

ನಮ್ಮನ್ನು ಕರೆದೊಯ್ಯಲು ಮೇ ಎಂಬ ಹುಡುಗಿ ಬಂದಿದ್ದಳು. ಕಾರ್ಖಾನೆಯ ಕಡೆಯ ದುಭಾಷಿ. ಅವಳ ಇಂಗ್ಲಿಷು ನನ್ನದಕ್ಕಿಂತ ಒಂದು ತೂಕ ಮೇಲು, ತಿಪ್ಪೇಸ್ವಾಮಿಯದಕ್ಕಿಂತ ಹತ್ತು ತೂಕ. ಕಾರ್ಖಾನೆಯ ಊರಿಗೆ ಅಲ್ಲಿಂದ ಮೂರು ತಾಸು ರೈಲು. ಆ ಊರಿನ ಹೆಸರನ್ನು ಅವಳು ನಾಲ್ಕು ಸಲ ಹೇಳಿಕೊಟ್ಟಳು. ನಾನು ಹೇಳಿದಾಗೆಲ್ಲ ಬೇರೆ ಬೇರೆ ಅರ್ಥ ಬಂದು ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಿಟ್ಟೆ.

ರೈಲಿನಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಗಾಜಿನ ಸೀಸೆ, ಅದರಲ್ಲಿ ಎಲೆ ತೇಲುವ ಬಿಸಿನೀರು. ಅಷ್ಟು ದೊಡ್ಡ ದೇಶ ಸಕ್ಕರೆ ಹಾಲು ಇಲ್ಲದ ಟೀ ಕುಡಿದು ನಡೆಯುತ್ತಿದೆ ಎಂಬುದು ನನಗೆ ಮೊದಲ ಗಾಬರಿ. ಎರಡನೆಯದು, ಕಿಟಕಿಯ ಹೊರಗೆ. ಕಾರ್ಖಾನೆಗಳ ನಾಡಿಗೆ ಹೋಗುತ್ತಿದ್ದೇವೆ ಎಂದುಕೊಂಡು ನಾನು ಹೊಗೆಗಾಗಿ ಹುಡುಕುತ್ತಿದ್ದೆ. ಭೀಮಸಮುದ್ರದ ರಸ್ತೆಯಲ್ಲಿ ನಮ್ಮ ಲಾರಿಗಳ ಧೂಳಿಗೆ ಅಡಿಕೆ ಗಿಡಗಳ ಸೋಗೆಯೇ ಕೆಂಪಾಗಿ ನಿಂತಿರುವಾಗ, ಆ ಮಣ್ಣು ಹೋಗಿ ಬೀಳುವ ಊರು ಇನ್ನೆಷ್ಟು ಕೆಂಪಾಗಿರಬೇಡ? ಇಲ್ಲಿ ಮರಗಳು ತೊಳೆದಿಟ್ಟ ಹಾಗೆ ಹಸಿರಾಗಿದ್ದವು.

"ಮೊದಲು ಹೊಗೆ ಇತ್ತು," ಎಂದಳು ಮೇ. "ಚಿಕ್ಕವಳಿದ್ದಾಗ ನನಗೆ ಆಕಾಶದ ಬಣ್ಣ ಬೂದಿ ಎಂದೇ ಗೊತ್ತಿದ್ದದ್ದು."

"ಈಗ?"

"ಈಗ ನೀವೇ ನೋಡುತ್ತೀರಿ," ಎಂದು ಸೀಸೆ ತುಂಬಿಸಲು ಎದ್ದು ಹೋದಳು.

ರಾತ್ರಿ ಊಟಕ್ಕೆ ತಿಪ್ಪೇಸ್ವಾಮಿ ಹೋಟೆಲಿನ ಮಾಣಿಯ ಮುಂದೆ "ಬ್ಯಾ... ಬ್ಯಾ..." ಎಂದು ಕುರಿಯ ಹಾಗೆ ಕೂಗಿದ. ಮಾಣಿ ಗಂಭೀರವಾಗಿ "ಮಿಯೆ" ಎಂದು ತಿದ್ದಿದ. ಅವರ ಕುರಿ ಹಾಗೆ ಕೂಗುತ್ತದಂತೆ. ಬಂದದ್ದು ಕುರಿಯೇ ಎಂದು ತಿಪ್ಪೇಸ್ವಾಮಿ ಆಣೆ ಇಟ್ಟ. ನಾನು ಬಾಳೆಹಣ್ಣು ತಿಂದು ಮಲಗಿದೆ.

ಕಾರ್ಖಾನೆಯ ಗೇಟು

ಬೆಳಿಗ್ಗೆ ಗೇಟಿನಲ್ಲಿ ಇಳಿದಾಗ ಒಬ್ಬಾಕೆ ಕಿಟಕಿಯಲ್ಲಿ ಕೂತು ಟಿಕೆಟ್ಟು ಹರಿಯುತ್ತಿದ್ದಳು.

"ಮೇಷ್ಟ್ರೇ, ಕಾರ್ಖಾನೆ ನೋಡಾಕೆ ಟಿಕೇಟಾ?" ಎಂದ ತಿಪ್ಪೇಸ್ವಾಮಿ.

"ಸುರಕ್ಷತೆಗೆ ಇರಬೇಕು," ಎಂದೆ. ಆ ಕ್ಷಣದಲ್ಲೂ ನನ್ನ ತಲೆಗೆ ಬಂದದ್ದು ಅದೇ.

ಒಳಗೆ ಕಾಲಿಟ್ಟವನು ನಿಂತುಬಿಟ್ಟೆ. ಎದುರಿಗೆ ದುರ್ಗದ ಕೋಟೆಯ ಬತೇರಿಯನ್ನು ನಾಲ್ಕು ಪಟ್ಟು ಮಾಡಿದಂಥ ಕುಲುಮೆ. ಮೈ ತುಂಬ ಬಣ್ಣಬಣ್ಣದ ಸೀರಿಯಲ್ ಲೈಟು, ನಮ್ಮೂರಲ್ಲಿ ಮದುವೆ ಮನೆಗೆ ಬಿಡುತ್ತಾರಲ್ಲ, ಹಾಗೆ. ಚಿಮಣಿಗೆ ನೀಲಿ ಬಣ್ಣ ಬಳಿದು ಮೋಡ ಬರೆದಿದ್ದರು. ಹೊಗೆ ಬರಬೇಕಾದ ಕಡೆ ಚಿತ್ರದ ಮೋಡ! ಅದಿರಿನ ಗಾಡಿ ಓಡುತ್ತಿದ್ದ ಹಳಿಗಳ ಮೇಲೆ ಮಕ್ಕಳ ರೈಲು ಓಡುತ್ತಿತ್ತು. ದೊಡ್ಡ ಶೆಡ್ಡಿನ ಒಳಗೆ ಸಾಲು ಸಾಲು ಅಂಗಡಿ: ಬಟ್ಟೆಯದು, ಐಸ್‌ಕ್ರೀಮಿನದು, ಮೊಬೈಲಿನದು, ಉಗುರಿಗೆ ಬಣ್ಣ ಹಚ್ಚುವುದಕ್ಕೇ ಒಂದು. ಅಂಗಳದಲ್ಲಿ ಐವತ್ತು ಅರವತ್ತರ ಹೆಂಗಸರು ರೇಡಿಯೋ ಹಾಡಿಗೆ ಸಾಲಾಗಿ ಕುಣಿಯುತ್ತಿದ್ದರು, ಯಾರ ಹಂಗೂ ಇಲ್ಲದೆ.

ಆ ಸದ್ದನ್ನೆಲ್ಲ ಕಳೆದರೆ ಉಳಿಯುವ ಇನ್ನೊಂದು ಸದ್ದು ಇರಬೇಕಿತ್ತು. ಕಾರ್ಖಾನೆಯ ಸದ್ದು. ಅದಕ್ಕಾಗಿ ಕಿವಿಗೊಟ್ಟೆ. ಇರಲಿಲ್ಲ.

ಆಫೀಸಿನಲ್ಲಿ ಟೈ ಕಟ್ಟಿದ್ದ ಅಧಿಕಾರಿ ಎರಡು ಕೈಯಲ್ಲೂ ಹಿಡಿದು ಕಾರ್ಡು ಕೊಟ್ಟ. ಅದಿರು ಕೊಳ್ಳುವ ಕಾಗದಗಳ ಮೇಲೆ ಇಷ್ಟು ವರ್ಷ ನೋಡಿದ್ದ ಅದೇ ಹೆಸರು. ಹೆಸರಿನ ಕೆಳಗೆ ಮಾತ್ರ ಬೇರೆ ಹುದ್ದೆ. ಮೇ ತರ್ಜುಮೆ ಮಾಡಿದಳು: ಈಗ ಇವರು ಅಂಗಡಿಗಳ ವಿಭಾಗದ ಮುಖ್ಯಸ್ಥರು. ಉಕ್ಕು ಮಾಡುವುದು ನಿಂತು ವರ್ಷದ ಮೇಲಾಯಿತು. ಅಲ್ಲಿಂದೀಚೆ ಬಂದ ಅದಿರನ್ನು ಬೇರೆ ಕಾರ್ಖಾನೆಗೆ ಮಾರಿದರಂತೆ, ಇನ್ನು ಅವರಿಗೂ ಬೇಡವಂತೆ. ಸರ್ಕಾರ ಹೇಳಿದೆ, ಮಾಡುವುದು ಸಾಕು, ಇನ್ನು ಜನ ಕೊಳ್ಳಲಿ, ತಿನ್ನಲಿ, ತಿರುಗಲಿ, ನೋಡಲಿ. ಇಂಥ ಊರುಗಳು ಇನ್ನೂ ಬೇಕಾದಷ್ಟಾಗುತ್ತವೆ. ಪತ್ರದಲ್ಲಿ ಬರೆದ ಹೊಸ ರೂಪ ಇದೇ.

"ಹಂಗಾರೆ ನಮ್ಮನ್ನ ಯಾಕೆ ಕರೆಸಿದ್ರಂತೆ?" ಎಂದ ತಿಪ್ಪೇಸ್ವಾಮಿ.

ಮೇ ಕೇಳಿದಳು. ಅಧಿಕಾರಿ ಉತ್ಸಾಹದಿಂದ ಒಂದು ನಕ್ಷೆ ಹರಡಿ ಮೂಲೆಯ ಚೌಕ ತೋರಿಸಿದ.

"ಹಳೆಯ ಸ್ನೇಹಿತರಿಗೆ ಮೊದಲ ಅವಕಾಶ ಎನ್ನುತ್ತಿದ್ದಾರೆ. ಈ ಮಳಿಗೆ ಖಾಲಿ ಇದೆ. ನೀವು ಇಲ್ಲಿ ಭಾರತದ ಟೀ ಅಂಗಡಿ ಇಡಬಹುದಂತೆ."

ತಿಪ್ಪೇಸ್ವಾಮಿ ನನ್ನ ಮುಖ ನೋಡಿದ. ಅವನ ಮುಖದಲ್ಲಿ ರಕ್ತ ಇರಲಿಲ್ಲ. ಗಣಿಯಿಂದ ಲಾರಿಗಳನ್ನು ಸಾಲಾಗಿ ಬಿಡುವುದೇ ಅವನ ಜೀವಮಾನದ ಕೆಲಸ. ಸಾವಿರ ಕೋಸು ದೂರದ ಈ ಕುಲುಮೆಗೆ ತನ್ನ ಉಸಿರನ್ನು ಕಟ್ಟಿಕೊಂಡಿದ್ದ ಎಂದು ಅವನಿಗೂ ಆವರೆಗೆ ಗೊತ್ತಿರಲಿಲ್ಲ.

ಕೆಂಪು ಗುಡ್ಡ

ಹೊರಗೆ ಬಂದರೆ ಅಲ್ಲೊಂದು ಕೆಂಪು ಗುಡ್ಡ. ಸುತ್ತ ಸರಪಳಿ ಬೇಲಿ, ಬುಡಕ್ಕೆ ಹಳದಿ ಹೂವಿನ ಪಾತಿ. ಗುಡ್ಡದ ಮುಂದೆ ಬಿಳಿ ಗೌನು ಹಾಕಿದ ಮದುಮಗಳು, ಪಕ್ಕದಲ್ಲಿ ಕೋಟು ತೊಟ್ಟ ವರ. ಫೋಟೋದವನು ಮಂಡಿಯೂರಿ ಕೂತು ಏನೋ ಕೂಗುತ್ತಿದ್ದ. ಹಿಂದೆ ಇನ್ನೂ ಎರಡು ಜೋಡಿ ಸರದಿಗೆ ನಿಂತಿದ್ದವು. ಕೆಂಪು ಇಲ್ಲಿ ಮಂಗಳಕರ, ಹಾಗಾಗಿ ಮದುವೆಗೆ ಮೊದಲು ಎಲ್ಲರೂ ಬಂದು ಇಲ್ಲಿ ಚಿತ್ರ ತೆಗೆಸುತ್ತಾರೆ ಎಂದಳು ಮೇ.

ನಾನು ಬೇಲಿ ದಾಟಿ ಹೋದೆ. ಬದುಕಿನಲ್ಲಿ ನಾನು ದಾಟಿದ ಮೊದಲ ಬೇಲಿ ಅದೇ ಇರಬೇಕು. ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿದೆ. ಅರಿಶಿನಕ್ಕೆ ಕುಂಕುಮ ಕಲಸಿದಂಥ ಬಣ್ಣ, ಬೆರಳಿಗೆ ಹತ್ತುವ ಜಿಡ್ಡು. ಸ್ವಂತ ಮಗುವಿನ ಕೈಬರಹ ಗುರುತಿಸುವ ಹಾಗೆ ಗುರುತಿಸಿದೆ. ಇನ್ನೂ ಅನುಮಾನ ಇದ್ದರೆ ಎಂದು ದೇವರೇ ಇಟ್ಟ ಹಾಗೆ, ಮಣ್ಣಿನಲ್ಲಿ ಅರ್ಧ ಹೂತ ಗುಟ್ಕಾದ ಚೀಟಿ ಸಿಕ್ಕಿತು. ಅದರ ಮೇಲೆ ಕನ್ನಡ ಅಕ್ಷರ. ನಮ್ಮ ಯಾವ ಲಾರಿ ಡ್ರೈವರ್ ಹರಿದು ಉಗುಳಿ ಎಸೆದನೋ, ಅದು ಸಮುದ್ರ ದಾಟಿ ಬಂದು ಚೀನಾದ ಮದುಮಗಳ ಹಿಂದೆ ನಿಂತಿತ್ತು.

"ನಮ್ದೇ ಕಣ್ರಿ," ಎಂದ ತಿಪ್ಪೇಸ್ವಾಮಿ, ಚೀಟಿ ತೆಗೆದುಕೊಂಡು. ಅದನ್ನು ಎಸೆಯಲೂ ಆಗದೆ ಜೇಬಿಗೆ ಹಾಕಿಕೊಂಡ.

ಫೋಟೋದವನು ನನ್ನನ್ನು ಗದರಿಸಿ ಆಚೆ ಕಳಿಸಿದ. ಅವನ ಚಿತ್ರದಲ್ಲಿ ನಾನು ಬರುತ್ತಿದ್ದೆ.

ಲಿಯು ಅವರ ಹೋಟೆಲು

ಕುಲುಮೆಯ ಬುಡದಲ್ಲೇ ಒಂದು ಶಾವಿಗೆ ಹೋಟೆಲು. ಅದನ್ನು ನಡೆಸುವ ಲಿಯು ಎಂಬ ಅರವತ್ತರ ಮನುಷ್ಯ ಅದೇ ಕುಲುಮೆಗೆ ಮೂವತ್ತು ವರ್ಷ ಬೆಂಕಿ ಕಾದವರು. ಮುಂಗೈಯಲ್ಲಿ ಸುಟ್ಟ ಕಲೆ, ಮೈಮೇಲೆ ಬೆಳ್ಳನೆಯ ಅಂಗಿ. ನಾವು ಯಾರು ಎಂದು ಮೇ ಹೇಳಿದ ಕೂಡಲೇ ಅವರು ಸೌಟು ಕೆಳಗಿಟ್ಟು ನಮ್ಮ ಮೇಜಿಗೆ ಬಂದು ಕೂತರು.

"ಕೆಂಪಗೆ, ಜಿಡ್ಡು ಜಿಡ್ಡಾಗಿ ಬರುತ್ತಿತ್ತಲ್ಲ, ಆ ಮಣ್ಣು ನಿಮ್ಮೂರದಾ?"

ಹೌದು ಎಂದೆ.

ಅವರು ಏನೋ ಹೇಳಿ ತೊಡೆ ತಟ್ಟಿಕೊಂಡು ನಕ್ಕರು. ಮೇ ಮುಖ ಕೆಂಪಗೆ ಮಾಡಿಕೊಂಡು ಸೀಸೆಯ ಮುಚ್ಚಳ ತಿರುವತೊಡಗಿದಳು. ಒತ್ತಾಯಿಸಿದ ಮೇಲೆ ಹೇಳಿದಳು: "ನಿಮ್ಮ ಮಣ್ಣು ಮಳೆಗಾಲದಲ್ಲಿ ಒದ್ದೆಯಾಗಿ ಬಂದು ಯಂತ್ರದ ಗಂಟಲಿಗೆ ಅಂಟುತ್ತಿತ್ತಂತೆ. ಇವರೇ ಕೋಲು ಹಾಕಿ ಕೆರೆಯಬೇಕಿತ್ತು. ಅದಕ್ಕೆ ಇವರೆಲ್ಲ ಒಂದು ಹೆಸರಿಟ್ಟಿದ್ದರು. ಆ ಹೆಸರು ನಾನು ಹೇಳುವುದಿಲ್ಲ."

ನೀರು ಎಷ್ಟಿದೆ ಎಂದು ಬರೆದು ಸಹಿ ಹಾಕುತ್ತಿದ್ದವನು ನಾನು. ಮಳೆಗಾಲದಲ್ಲಿ ಧಣಿಗಳ ಮುಖ ನೋಡಿ, ಹೆದರಿ, ಇದ್ದದ್ದಕ್ಕಿಂತ ತುಸು ಕಡಿಮೆ ಬರೆಯುತ್ತಿದ್ದೆ. ಆ ತುಸುವನ್ನು ಇಲ್ಲೊಬ್ಬ ಕೋಲು ಹಿಡಿದು ಕೆರೆದಿದ್ದ. ತಲೆ ಎತ್ತಲಾಗಲಿಲ್ಲ. ಮೇ ಮೂಲಕ ಹೇಳಿಬಿಟ್ಟೆ, ಆ ಸಹಿ ನನ್ನದು ಎಂದು. ಲಿಯು ಕೈ ಚಾಚಿ ನನ್ನ ಬೆರಳುಗಳನ್ನು ತಿರುಗಿಸಿ ನೋಡಿದರು. ಉಗುರಿನ ಸಂದಿನಲ್ಲಿ ಆಗತಾನೆ ಹತ್ತಿದ ಕೆಂಪಿತ್ತು.

"ನಮ್ಮ ಉಗುರಿಂದ ಇದು ಹೋಗಲು ಒಂದು ವರ್ಷ ಹಿಡಿಯಿತು," ಎಂದರು.

ಮತ್ತೆ ಯಾವಾಗ ಹೊತ್ತಿಸುತ್ತಾರೆ ಎಂದು ತಿಪ್ಪೇಸ್ವಾಮಿ ಕೇಳಿದ. ಅವನ ದನಿಯಲ್ಲಿ ಇನ್ನೂ ಆಸೆಯಿತ್ತು. ಲಿಯು ಒಲೆಯ ಕಡೆ ಕೈ ತೋರಿಸಿದರು. ಶಾವಿಗೆಯ ಪಾತ್ರೆಯ ಅಡಿಯಲ್ಲಿ ನೀಲಿ ಗ್ಯಾಸು ಉರಿಯುತ್ತಿತ್ತು. "ಇಲ್ಲಿ ಉಳಿದ ಬೆಂಕಿ ಇಷ್ಟೇ. ಆರಿಸಿದ ದಿನದಿಂದ ಒಂದು ವಾರ ಊರಿಗೆ ಊರೇ ನಿದ್ದೆ ಮಾಡಲಿಲ್ಲ. ಸದ್ದಿಲ್ಲದೆ ಮಲಗಿ ಅಭ್ಯಾಸವಿರಲಿಲ್ಲ. ಚಿಕ್ಕ ವಯಸ್ಸಿನವರು ಅಂಗಡಿ ಸೇರಿದರು. ನಾನು ಶಾವಿಗೆ ಕಲಿತೆ. ಏನೂ ಕಲಿಯದವರು ಗೇಟಿನಲ್ಲಿ ಕೂತಿದ್ದಾರೆ. ನೀವು ಟಿಕೆಟ್ಟು ತಗೊಂಡಿರಲ್ಲ, ಆಕೆ ಕ್ರೇನು ನಡೆಸುತ್ತಿದ್ದವಳು."

ಅನ್ನ ಬಂತು. ಬೆಳಿಗ್ಗೆಯಿಂದ ಹೊಟ್ಟೆಗಿಲ್ಲ, ಮನಸ್ಸು ಎಲ್ಲೋ ಇತ್ತು. ಕೈ ತಾನಾಗಿ ಚೀಲಕ್ಕೆ ಹೋಗಿ ಪೊಟ್ಟಣ ತೆಗೆದು ದಾರ ಬಿಚ್ಚಿತು. ಓಬಕ್ಕನ ಚಟ್ನಿಪುಡಿ. ಬಿಸಿ ಅನ್ನದ ಮೇಲೆ ಧಾರಾಳವಾಗಿ ಉದುರಿಸಿ, ಕಲಸಿ, ಒಂದು ದೊಡ್ಡ ತುತ್ತು ಬಾಯಿಗಿಟ್ಟೆ.

ಕರ್ ಎಂದಿತು.

ಶೇಂಗಾ ಹಾಗೆ ಅನ್ನುವುದಿಲ್ಲ. ಇನ್ನೊಮ್ಮೆ ಅಗಿದೆ. ಹಲ್ಲಿನಿಂದ ತಲೆಯವರೆಗೆ ಕರಕರ ಎಂದಿತು. ನಾಲಿಗೆಗೆ ಹಳೆ ಬೀಗದ ರುಚಿ. ವಿಮಾನ ನಿಲ್ದಾಣದ ಆ ಹೆಣ್ಣುಮಗಳು ಮಣ್ಣೆಂದು ಹಳದಿ ಡಬ್ಬಕ್ಕೆ ಹಾಕಿದ್ದು ನನ್ನ ಅಕ್ಕ ಕುಟ್ಟಿದ ಚಟ್ನಿಪುಡಿಯನ್ನು. ನಾನು ಅನ್ನಕ್ಕೆ ಕಲಸಿಕೊಂಡದ್ದು ಅದಿರನ್ನು. ಹದಿನೈದು ವರ್ಷ ಅದನ್ನೇ ಪರೀಕ್ಷೆ ಮಾಡಿ ಸಂಬಳ ತಿಂದವನಿಗೆ ಗೊತ್ತಾಗಲಿಲ್ಲ.

"ಉಗೀರಿ ಮೇಷ್ಟ್ರೇ, ಉಗೀರಿ!" ಎಂದು ತಿಪ್ಪೇಸ್ವಾಮಿ ಬೆನ್ನು ಗುದ್ದಿದ. ಅಷ್ಟರಲ್ಲಿ ಅರ್ಧ ನುಂಗಿಯಾಗಿತ್ತು. ಲಿಯು ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಗುರುತು ಹಿಡಿದು, ನಗದೆ ನೀರು ತಂದುಕೊಟ್ಟರು. ಆ ಇಡೀ ಊರಿನಲ್ಲಿ ಅವತ್ತು ನಮ್ಮ ಅದಿರನ್ನು ಉಪಯೋಗಿಸಿದವನು ನಾನೊಬ್ಬನೇ.

ಫೋನು, ಭಾನುವಾರ

ಮಾರನೆಯ ದಿನ ಭಾನುವಾರ. ಮೇ ಕೊಡಿಸಿದ ಫೋನ್ ಕಾರ್ಡು ಹಿಡಿದು ಹೋಟೆಲಿನ ಫೋನಿನ ಮುಂದೆ ಅರ್ಧ ತಾಸು ಕೂತೆ. ಬದುಕೆಲ್ಲ ಸುಳ್ಳುಸುಳ್ಳೇ ಹೆದರಿದವನಿಗೆ ಈಗ ಹೆದರಲು ನಿಜವಾದ ಕಾರಣ ಸಿಕ್ಕಿತ್ತು, ಮತ್ತು ನನ್ನ ಮಾತಿಗೆ ಬೆಲೆ ಇರಲಿಲ್ಲ. "ಬ್ಯಾಡಕ್ಕಾ" ಎಂದರೆ ಕಾಯಿದೆ ಪ್ರಕಾರ ಸೋಮವಾರ ಬೆಳಿಗ್ಗೆಯೇ ಹೆಬ್ಬೆಟ್ಟು ಒತ್ತುತ್ತಾಳೆ. "ಒತ್ತಕ್ಕಾ" ಎಂದರೆ ಬಿಟ್ಟಾಳು. ಆದರೆ ಒಂದೇ ಒಂದು ಸಲ ತಮ್ಮನ ಮಾತು ನೆಟ್ಟಗೆ ಕೇಳೋಣ ಎಂದು ಅವಳಿಗೆ ಅವತ್ತೇ ಅನ್ನಿಸಿದರೆ?

"ನಿಜ ಹೇಳ್ರಿ, ಅತ್ಲಾಗೆ," ಎಂದ ತಿಪ್ಪೇಸ್ವಾಮಿ. ನಿಜ ಹೇಳಿದರೆ ಧಣಿಗಳು ನಮ್ಮಿಬ್ಬರನ್ನೂ ಬಿಡುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಹೇಳಿದ.

ಫೋನು ಎತ್ತಿದವನು ಮಲ್ಲೇಶಿ. "ಮಾವ, ಕಾರ್ಖಾನೆ ಭಾರಿ ಐತಂತಾ? ಅತ್ತೆಗೆ ಚೆನ್ನಾಗ್ ಹೇಳ್ರಿ ಮಾವ." ಅವನ ದನಿಯ ಸಂತೋಷ ಕೇಳಿ ನಾನು ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಒಣಗಿಹೋಯಿತು. ಅಷ್ಟರಲ್ಲಿ ಓಬಕ್ಕ ಫೋನು ಕಸಿದುಕೊಂಡಳು.

"ಲೇ ರುದ್ರ! ಕೇಳುಸ್ತೈತಾ? ಹುಷಾರಾಗಿದೀಯಾ? ಹೊಟ್ಟೆಗೆ ಏನ್ ತಿಂತೀಯಾ? ನನ್ ಚಟ್ನಿಪುಡಿ ತಿಂದ್ಯಾ?"

ಹಿಂದೆ ಮುಂದೆ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇಲ್ಲಕ್ಕಾ. ಮಣ್ಣು ತಿಂದೆ."

"ಏನು?"

"ಮಣ್ಣು. ನಮ್ಮೂರ ಮಣ್ಣೇ ತಿಂದೆ ಇಲ್ಲಿ."

ಕೊರ್ ಎಂದು ಸದ್ದಾಗಿ ಲೈನು ಹೋಯಿತು. ಮತ್ತೆ ಒತ್ತಿದರೆ ಕಾರ್ಡಿನೊಳಗಿನ ಹೆಂಗಸು ಚೀನೀ ಭಾಷೆಯಲ್ಲಿ ಬಹಳ ಮರ್ಯಾದೆಯಿಂದ ಏನೋ ಹೇಳುತ್ತಿದ್ದಳು. ಕಾರ್ಡಿನ ದುಡ್ಡು ಮುಗಿದಿರಬೇಕು. ಹಬ್ಬದ ರಜೆ, ಕಾರ್ಡಿನ ಅಂಗಡಿ ಬಾಗಿಲು ಹಾಕಿತ್ತು. ಮೇ ಊರಿಗೆ ಹೋಗಿದ್ದಳು. ಹೋಟೆಲಿನವರಿಗೆ ನಾನು ಕಿವಿಗೆ ಕೈ ಇಟ್ಟು "ಅಕ್ಕ, ಅಕ್ಕ" ಎಂದು ಎಷ್ಟು ತೋರಿಸಿದರೂ ಕಿವಿನೋವಿನ ಮಾತ್ರೆ ತಂದುಕೊಟ್ಟರು. ಸೋಮವಾರ ಕಳೆಯಿತು.

ಮರಳಿ ಅಂಗಳಕ್ಕೆ

ಬುಧವಾರ ಮಧ್ಯಾಹ್ನ ದುರ್ಗದಲ್ಲಿ ಬಸ್ಸು ಬದಲಿಸಿದೆವು. ತಿಪ್ಪೇಸ್ವಾಮಿ ಹಿರಿಯೂರಿನ ಕಡೆ ಹೊರಟವನು ಜೇಬಿನಿಂದ ಆ ಗುಟ್ಕಾ ಚೀಟಿ ತೆಗೆದು ನನ್ನ ಕೈಗಿಟ್ಟ. "ಧಣಿಗಳು ನಂಬದಿದ್ರೆ ಇದನ್ನ ತೋರಿಸ್ರಿ. ನಾನು ನಾಳೆ ಬರ್ತೀನಿ, ಒಬ್ರೇ ಹೋಗ್ಬ್ಯಾಡ್ರಿ." ನಮ್ಮ ಬಸ್ಸಿನ ಎದುರಿಗೆ ಅದಿರಿನ ಲಾರಿಗಳು ಎಂದಿನಂತೆ ಸಾಲು ಹಿಡಿದು ಬರುತ್ತಿದ್ದವು. ಡ್ರೈವರುಗಳು ಹಾಡು ಹಾಕಿಕೊಂಡಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಊರ ಬಸ್ ಸ್ಟಾಪಿನಲ್ಲಿ ಇಳಿದು, ಹೊಲದ ಕಡೆ ನೋಡುವ ಧೈರ್ಯವಾಗದೆ, ತಲೆ ತಗ್ಗಿಸಿ ನೇರ ಓಬಕ್ಕನ ಅಂಗಳಕ್ಕೆ ಬಂದೆ. ಅವಳು ಒಲೆಯ ಮುಂದೆ ಕೂತಿದ್ದಳು. ನನ್ನ ಕಣ್ಣು ಮೊದಲು ಹೋದದ್ದು ಅವಳ ಎಡಗೈಗೆ. ಹೆಬ್ಬೆಟ್ಟು ಕಪ್ಪಗಿತ್ತು.

ಚೀಲ ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕುಸಿದೆ. "ಒತ್ತಿಬಿಟ್ಯಾ ಅಕ್ಕಾ?"

"ಏನನ್ನ?" ಎಂದು ಅವಳು ಕೈ ನೋಡಿಕೊಂಡಳು. "ಥೂ, ಬದನೆಕಾಯಿ ಸುಡ್ತಾ ಇದ್ನೆಪ್ಪ, ಮಸಿ." ಸೆರಗಿಗೆ ಒರೆಸಿದಳು. ಹೆಬ್ಬೆಟ್ಟು ಬೆಳ್ಳಗಾಯಿತು. "ಧಣಿ ಬಂದಿದ್ರು. ಇಂಕಿನ ಪ್ಯಾಡು ಬಿಚ್ಚಿ ಮುಂದೆ ಇಟ್ರು. ನಾನು ಆಗಲ್ಲ ಅಂದೆ. ಮಲ್ಲೇಶಿ ಎರಡು ದಿನದಿಂದ ಮಾತು ಬಿಟ್ಟವ್ನೆ."

"ಯಾಕಕ್ಕಾ ಆಗಲ್ಲ ಅಂದೆ? ನಾನೇನೂ ಹೇಳಲೇ ಇಲ್ವಲ್ಲ."

"ಹೇಳ್ದೆಯಲ್ಲೋ. ಬಾಯಿಗೆ ಮಣ್ಣು ಬಿತ್ತು ಅಂತ. ನಮ್ಮೂರ ಮಣ್ಣೇ ನಮ್ ಬಾಯಿಗೆ ಬಿತ್ತು ಅಂತ." ಬದನೆಕಾಯಿ ತಿರುಗಿಸುತ್ತಿದ್ದ ಕೈ ನಿಂತಿತು. "ನೀನು ಹುಟ್ಟಿದಾಗಿಂದ ನೋಡೀನಿ, ನೀನು ನಡುಗ್ದೆ ಮಾತಾಡ್ದೋನಲ್ಲ. ಅವತ್ತು ನಿನ್ ದನಿನಾಗೆ ನಡುಕ ಇರ್ಲಿಲ್ಲ. ಸತ್ತೋರ ಮನೆ ಸುದ್ದಿ ಹೇಳ್ದಂಗೆ ಹೇಳ್ದೆ. ನಂಗೆ ಕೈಕಾಲು ತಣ್ಣಗಾದ್ವು."

ನಾನು ನಿಜ ಹೇಳಿದೆ. ಮೂರು ಪೊಟ್ಟಣ, ಒಂದೇ ದಾರ, ಹಳದಿ ಡಬ್ಬ, ಬಿಸಿ ಅನ್ನ, ಕರ್ ಎಂದ ತುತ್ತು. ಕುಲುಮೆಯ ದೀಪದ ಸರ, ಮದುಮಗಳ ಹಿಂದಿನ ಕೆಂಪು ಗುಡ್ಡ. ಓಬಕ್ಕ ಬಾಯಿ ತೆರೆದು ಕೇಳಿದಳು.

"ಅಂದ್ರೆ... ನೀನು ನಿಜವಾಗ್ಲೂ ಮಣ್ಣೇ ತಿಂದ್ಯಾ? ಬಾಯಾಗೆ?"

"ಬಾಯಾಗೆ."

"ಹಂಗಾರೆ ಅವತ್ತು ಫೋನ್ ಮಾಡಿದ್ದು ಏನ್ ಹೇಳಾಕೆ?"

"ಬ್ಯಾಡ ಅಂತ ಹೇಳಾಕೆ ಅಕ್ಕಾ. ಹೊಲ ಕೊಡಬ್ಯಾಡ ಅಂತ."

ಅವಳು ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡಳು. ಒಲೆಯ ಮೇಲಿನ ಬದನೆಕಾಯಿ ಸೀಯುತ್ತಿದ್ದುದೂ ಅವಳಿಗೆ ಗೊತ್ತಾಗಲಿಲ್ಲ.

"ಅಯ್ಯೋ ನನ್ನಪ್ಪಾ," ಎಂದಳು. "ಅದನ್ನ ಹೇಳಿದ್ರೆ ಒತ್ತಿಬಿಡ್ತಿದ್ದೆ!"